ಎವರೆಸ್ಟ್ ಬೇಸ್ ಕ್ಯಾಂಪ್: ಮೊದಲು ದಿನ ಹೊಂದಿಸಿ, ಆಮೇಲೆ ಚೀಲ

ಮುಳ್ಳಯ್ಯನಗಿರಿಯ ನೆತ್ತಿ ಸಮುದ್ರಮಟ್ಟದಿಂದ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಮೇಲೆ ಹತ್ತಲು ಜಾಗವೇ ಇಲ್ಲ. ನೇಪಾಳದ ಲುಕ್ಲಾದಲ್ಲಿ ವಿಮಾನ ಇಳಿಯುವ ಜಾಗವೇ 2,800 ಮೀಟರ್ ಮೀರಿದ ಎತ್ತರದಲ್ಲಿದೆ. ಎವರೆಸ್ಟ್ ಬೇಸ್ ಕ್ಯಾಂಪಿನ ನಡಿಗೆ ಶುರುವಾಗುವುದು ಅಲ್ಲಿಂದ. ಸುಮಾರು 65 ಕಿಲೋಮೀಟರ್ ನಡೆದು 5,364 ಮೀಟರ್ ಮುಟ್ಟಿ, ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹಿಂತಿರುಗಬೇಕು. ಆ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು.

ಇಷ್ಟು ಕೇಳಿ ಹೆದರಬೇಕಾಗಿಲ್ಲ. ಇಲ್ಲಿ ಹಗ್ಗ ಹಿಡಿದು ಹತ್ತುವ ಪ್ರಸಂಗವಿಲ್ಲ, ಡೇರೆ ಹಾಕುವ ಕೆಲಸವಿಲ್ಲ. ದಾರಿಯುದ್ದಕ್ಕೂ ಊರುಗಳಿವೆ, ಊರೂರಲ್ಲಿ ಊಟ, ಹಾಸಿಗೆ ಕೊಡುವ ಟೀಹೌಸ್‌ಗಳಿವೆ. ಐವತ್ತು, ಅರವತ್ತು ದಾಟಿದವರೂ ಆರಾಮವಾಗಿ ಹೋಗಿ ಬರುತ್ತಾರೆ. ಜಿಮ್‌ನಲ್ಲಿ ಮೈ ಹುರಿಗಟ್ಟಿಸಿಕೊಂಡ ಇಪ್ಪತ್ತೈದರ ಹುಡುಗ ನಾಲ್ಕನೇ ದಿನಕ್ಕೆ ತಲೆ ಹಿಡಿದುಕೊಂಡು ಕೂರುವುದೂ ಉಂಟು. ಎತ್ತರಕ್ಕೆ ಮೈ ಹೇಗೆ ಒಗ್ಗುತ್ತದೆ ಎನ್ನುವುದಕ್ಕೂ ಮೈಕಟ್ಟಿಗೂ ಸಂಬಂಧ ಕಡಿಮೆ. ಒಗ್ಗಲು ಅದಕ್ಕೆ ಸಮಯ ಬೇಕು, ಅಷ್ಟೆ. ಹೊರಡಲು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ಕೇಳುವುದು 'ಏನೇನು ತಗೊಂಡು ಹೋಗಬೇಕು?' ಎಂದು. ಅದಕ್ಕೂ ಮೊದಲು ರಜೆ ಎಷ್ಟು ದಿನ ಸಿಗುತ್ತದೆ ಎಂದು ನೋಡಿಕೊಳ್ಳಿ.

ದಿನಗಳ ಲೆಕ್ಕ

ಪರ್ವತ ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಇಂದು ಮಲಗುವ ಜಾಗ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎನ್ನುವುದು ಈ ಲೆಕ್ಕಕ್ಕೆ ಬರುವುದಿಲ್ಲ, ಮಲಗಿದ್ದು ಎಲ್ಲಿ ಎನ್ನುವುದಷ್ಟೇ ಮುಖ್ಯ.

ಚಾರಣ ಕಂಪನಿಯವರು ಕಳಿಸಿದ ಕಾರ್ಯಕ್ರಮ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪ್ರತಿ ರಾತ್ರಿಯ ಊರಿನ ಮುಂದೆ ಅದರ ಎತ್ತರ ಬರೆಯಿರಿ. ಫಕ್ಡಿಂಗ್ 2,610, ನಾಮ್ಚೆ ಬಜಾರ್ 3,440, ತೆಂಗ್ಬೊಚೆ ಸುಮಾರು 3,860, ದಿಂಗ್ಬೊಚೆ 4,410, ಲೊಬುಚೆ 4,940, ಕೊನೆಗೆ ಗೋರಕ್ ಶೆಪ್ 5,164. ಫಕ್ಡಿಂಗ್‌ನಿಂದ ನಾಮ್ಚೆಗೆ ಒಂದೇ ದಿನ 800 ಮೀಟರ್‌ಗೂ ಹೆಚ್ಚಿನ ಏರಿಕೆ ಇದೆ ನೋಡಿ. ನಾಮ್ಚೆಯಲ್ಲಿ ಎರಡು ರಾತ್ರಿ ಉಳಿಸುವುದು ಅದಕ್ಕೇ. ದಿಂಗ್ಬೊಚೆಯಲ್ಲೂ ಎರಡು ರಾತ್ರಿ ಇರಲೇಬೇಕು. ಇವೆರಡರಲ್ಲಿ ಒಂದನ್ನು ಕತ್ತರಿಸಿ 'ಒಂಬತ್ತೇ ದಿನದಲ್ಲಿ ಬೇಸ್ ಕ್ಯಾಂಪ್' ಎಂದು ಕಡಿಮೆ ದರಕ್ಕೆ ಮಾರುವ ಪ್ಯಾಕೇಜ್ ಸಿಕ್ಕಿದರೆ ಅದನ್ನು ಅಲ್ಲೇ ಬಿಡಿ. ಆ ರಿಯಾಯಿತಿಯ ಬೆಲೆಯನ್ನು ನಿಮ್ಮ ಮೈ ತೆರುತ್ತದೆ. ಲುಕ್ಲಾದಿಂದ ಲುಕ್ಲಾಕ್ಕೆ ಕನಿಷ್ಠ ಹನ್ನೊಂದು ಹನ್ನೆರಡು ದಿನ ಇರುವ ಪಟ್ಟಿಯನ್ನೇ ಆರಿಸಿ.

ಈ 'ವಿಶ್ರಾಂತಿ ದಿನ'ಗಳಲ್ಲಿ ಹೊದ್ದು ಮಲಗುವಂತಿಲ್ಲ. ಮೇಲೆ ಹತ್ತಿ, ಸ್ವಲ್ಪ ಹೊತ್ತು ಕೂತು, ಇಳಿದು ಬಂದು ಮಲಗಬೇಕು. ನಾಮ್ಚೆಯಲ್ಲಿದ್ದರೆ 3,880 ಮೀಟರ್‌ನಲ್ಲಿರುವ ಎವರೆಸ್ಟ್ ವ್ಯೂ ಹೋಟೆಲಿನ ಅಂಗಳಕ್ಕೆ ಹೋಗಿ ಚಹಾ ಕುಡಿದು ಬರಬಹುದು. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್, ಲೋಟ್ಸೆ, ಅಮಾ ದಬ್ಲಮ್ ಮೂರೂ ಕಾಣುತ್ತವೆ. ಹಾಗೇ ಖುಮ್ಜುಂಗ್‌ಗೆ ಇಳಿದರೆ ಎಡ್ಮಂಡ್ ಹಿಲರಿ 1961ರಲ್ಲಿ ಶೆರ್ಪಾ ಮಕ್ಕಳಿಗಾಗಿ ಕಟ್ಟಿಸಿದ ಶಾಲೆ ನೋಡಬಹುದು. ಅಂದಹಾಗೆ, ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟಿನ ತುದಿ ಕಾಣುವುದಿಲ್ಲ; ಮುಂದಿರುವ ಬೆಟ್ಟದ ಹೆಗಲು ಅಡ್ಡ ಬರುತ್ತದೆ. ಇದು ಗೊತ್ತಿಲ್ಲದೆ ಹೋಗಿ ಪೆಚ್ಚಾದವರು ಬಹಳ. ತುದಿ ನೋಡಬೇಕೆಂದರೆ ಗೋರಕ್ ಶೆಪ್‌ನಿಂದ ಬೆಳಗಿನ ಜಾವದ ಕತ್ತಲಲ್ಲೇ ಎದ್ದು, 5,500 ಮೀಟರ್ ಮೀರಿದ ಕಾಲಾ ಪತ್ಥರ್ ಹತ್ತಬೇಕು. ನಿಮ್ಮ ಪಟ್ಟಿಯಲ್ಲಿ ಅದು ಇದೆಯೇ, ಅಥವಾ 'ಸಮಯವಿದ್ದರೆ' ಎಂದು ಸಣ್ಣಕ್ಷರದಲ್ಲಿ ಬರೆದಿದ್ದಾರೆಯೇ, ನೋಡಿ.

ಇನ್ನು ಲುಕ್ಲಾದ ವಿಮಾನ. ಅಲ್ಲಿನ ರನ್‌ವೇ 527 ಮೀಟರ್ ಉದ್ದ, ಅದೂ ಇಳಿಜಾರು. ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದರಲ್ಲಿ ಕಣಿವೆ. ಮಧ್ಯಾಹ್ನಕ್ಕೆ ಗಾಳಿ, ಮೋಡ ಏಳುವುದರಿಂದ ವಿಮಾನಗಳು ಬೆಳಗ್ಗೆಯೇ ಹಾರುತ್ತವೆ; ಮೋಡ ಕವಿದರೆ ಆ ದಿನದ ಹಾರಾಟ ನಿಂತಿತು. ಒಂದಿಡೀ ದಿನ, ಕೆಲವೊಮ್ಮೆ ಎರಡು ಮೂರು ದಿನ ಕಾಯುವುದು ಇಲ್ಲಿ ಮಾಮೂಲು. ಚಾರಣದ ದಟ್ಟಣೆಯ ತಿಂಗಳುಗಳಲ್ಲಿ ಈ ವಿಮಾನಗಳಲ್ಲಿ ಬಹುಪಾಲು ಕಠ್ಮಂಡುವಿನಿಂದ ಹೊರಡದೆ, ನಾಲ್ಕೈದು ಗಂಟೆ ದೂರದ ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ಅಂದರೆ ನಡುರಾತ್ರಿ ಜೀಪು ಹತ್ತಬೇಕು. ಟಿಕೆಟ್ ಎಲ್ಲಿಂದ ಎಂದು ಕಂಪನಿಯನ್ನು ಮೊದಲೇ ಕೇಳಿ, ಜೀಪಿನ ಬಾಡಿಗೆ ಯಾರದೆಂದೂ ಕೇಳಿ.

ಹೀಗಾಗಿ ಬೆಂಗಳೂರಿನಿಂದ ಬೆಂಗಳೂರಿಗೆ ಹದಿನಾರು ಹದಿನೇಳು ದಿನ ಇಟ್ಟುಕೊಳ್ಳುವುದು ಕ್ಷೇಮ. ಎರಡು ವಾರದ ರಜೆಗೆ ಆಚೀಚಿನ ಶನಿವಾರ ಭಾನುವಾರ ಸೇರಿಸಿ ಸರಿದೂಗಿಸುವವರು ಕನಿಷ್ಠ ಎರಡು ದಿನವನ್ನಾದರೂ ಖಾಲಿ ಬಿಡಬೇಕು. ಲುಕ್ಲಾದಿಂದ ವಾಪಸಾಗುವ ದಿನವೇ ಸಂಜೆಯ ವಿಮಾನಕ್ಕೆ ಕಠ್ಮಂಡುವಿನಿಂದ ಟಿಕೆಟ್ ಮಾಡಿಸುವುದು ಜೂಜು.

ಯಾವಾಗ ಹೋಗುವುದು? ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಒಂದು ಹಂಗಾಮು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಇನ್ನೊಂದು. ವಸಂತದಲ್ಲಿ ಕೆಳಗಿನ ಕಾಡುಗಳಲ್ಲಿ ರೋಡೋಡೆಂಡ್ರಾನ್ ಕೆಂಪಗೆ ಅರಳಿರುತ್ತದೆ, ಬೇಸ್ ಕ್ಯಾಂಪಿನಲ್ಲಿ ಶಿಖರಕ್ಕೆ ಹೊರಟವರ ಡೇರೆಗಳಿರುತ್ತವೆ. ಅಕ್ಟೋಬರ್‌ನಲ್ಲಿ ಆಕಾಶ ಹೆಚ್ಚು ಶುಭ್ರ, ಜನವೂ ಹೆಚ್ಚು. ನನ್ನ ಆಯ್ಕೆ ನವೆಂಬರ್ ಮೊದಲರ್ಧ: ಚಳಿ ತುಸು ಜಾಸ್ತಿ, ಟೀಹೌಸ್‌ನಲ್ಲಿ ಜಾಗಕ್ಕೆ ಪರದಾಟ ಕಡಿಮೆ.

ಕಂಪನಿ, ಗೈಡ್, ಕಾಗದಪತ್ರ

ವಿದೇಶಿ ಚಾರಣಿಗರು ಗೈಡ್ ಇಲ್ಲದೆ ಹೋಗುವಂತಿಲ್ಲ ಎಂದು ನೇಪಾಳ 2023ರಲ್ಲಿ ನಿಯಮ ಮಾಡಿತು. ಎವರೆಸ್ಟ್ ಇರುವ ಖುಂಬು ಸೀಮೆಯಲ್ಲಿ ಅದರ ಜಾರಿ ಸಡಿಲವಾಗಿದೆ. ದಾರಿ ತಪ್ಪುವಂಥ ಜಾಗವಲ್ಲ, ಒಬ್ಬರೇ ಹೋಗಬಹುದು ಎಂದು ವಾದಿಸುವವರಿದ್ದಾರೆ. ಮೊದಲ ಸಲ ಈ ಎತ್ತರಕ್ಕೆ ಹೋಗುವವರಿಗೆ ಗೈಡ್ ಬೇಕಾಗುವುದು ದಾರಿ ತೋರಿಸಲಿಕ್ಕಲ್ಲ, 'ಇವತ್ತು ನೀವು ಮೇಲೆ ಹೋಗುವುದು ಬೇಡ' ಎಂದು ಹೇಳಲಿಕ್ಕೆ. ಆಮ್ಲಜನಕ ಕಡಿಮೆಯಾದಾಗ ನಮ್ಮ ವಿವೇಕವೇ ಮೊದಲು ಮಂಕಾಗುತ್ತದೆ. ಪಕ್ಕದಲ್ಲಿ ಮಂಕಾಗದ ತಲೆ ಒಂದಿರಲಿ.

ಕಂಪನಿಯನ್ನು ಆರಿಸುವಾಗ ದರಕ್ಕಿಂತ ಮೊದಲು ಕೆಲವು ಮಾತು ಕೇಳಿ. ಎಷ್ಟು ಜನಕ್ಕೆ ಒಬ್ಬ ಗೈಡ್? ಒಬ್ಬರಿಗೆ ಅಸ್ವಸ್ಥವಾಗಿ ಕೆಳಗಿಳಿಯಬೇಕಾದರೆ ಜೊತೆಗೆ ಯಾರು ಇಳಿಯುತ್ತಾರೆ, ಉಳಿದವರ ಜೊತೆ ಯಾರು ಇರುತ್ತಾರೆ? ನಾಡಿ ಮತ್ತು ಆಮ್ಲಜನಕ ನೋಡುವ ಆಕ್ಸಿಮೀಟರ್ ಗೈಡ್ ಬಳಿ ಇರುತ್ತದೆಯೇ? ಪೋರ್ಟರ್ ಎಷ್ಟು ಕಿಲೋ ಹೊರುತ್ತಾನೆ, ಅವನಿಗೆ ವಿಮೆ ಇದೆಯೇ, ಬೆಚ್ಚನೆಯ ಬಟ್ಟೆ, ಬೂಟು ಇದೆಯೇ? ಸಾಮಾನ್ಯವಾಗಿ ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್. ಇಬ್ಬರ ಚೀಲ ಸೇರಿ 20 ಕಿಲೋ ಸುಮಾರು, ಅದರ ಮೇಲೆ ಅವನ ಸ್ವಂತ ಸಾಮಾನು. ಪೋರ್ಟರ್‌ಗಳ ವಿಷಯದಲ್ಲಿ ಹಾರಿಕೆಯ ಉತ್ತರ ಕೊಡುವ ಕಂಪನಿ ನಿಮ್ಮ ವಿಷಯದಲ್ಲೂ ಹಾಗೆಯೇ ಇದ್ದೀತು.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಕಾರ್ಡ್ ಒಂದನ್ನೇ ನಂಬಿ ವಿಮಾನನಿಲ್ದಾಣಕ್ಕೆ ಹೋಗಬೇಡಿ. ದಾರಿಯಲ್ಲಿ ಎರಡು ಪರವಾನಗಿ ನೋಡುತ್ತಾರೆ: ಸಾಗರಮಾಥಾ ರಾಷ್ಟ್ರೀಯ ಉದ್ಯಾನದ್ದು ಒಂದು, ಖುಂಬು ಪಾಸಾಂಗ್ ಲ್ಹಾಮು ಗ್ರಾಮಪಾಲಿಕೆಯದು ಇನ್ನೊಂದು. ಉದ್ಯಾನದ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಅಮೆರಿಕ, ಬ್ರಿಟನ್‌ನಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ಕನ್ನಡಿಗರು ಊರಿನ ಗೆಳೆಯರ ಜೊತೆ ಹೊರಟಿದ್ದರೆ ಅವರಿಗೆ ವೀಸಾ ಬೇಕು, ರಿಯಾಯಿತಿ ಇಲ್ಲ. ಗುಂಪಿನ ಖರ್ಚು ಹಂಚುವಾಗ ಇದು ನೆನಪಿರಲಿ.

ವಿಮೆಯ ವಿಷಯದಲ್ಲಿ ಜಿಪುಣತನ ಬೇಡ. ಸಾಮಾನ್ಯ ಪ್ರವಾಸ ವಿಮೆ ಎತ್ತರದ ಚಾರಣವನ್ನು ಹೊರಗಿಟ್ಟಿರುತ್ತದೆ. ಕನಿಷ್ಠ 5,600 ಮೀಟರ್, ಸಾಧ್ಯವಾದರೆ 6,000 ಮೀಟರ್‌ವರೆಗಿನ ಚಾರಣಕ್ಕೂ ಹೆಲಿಕಾಪ್ಟರ್ ರಕ್ಷಣೆಗೂ ಅನ್ವಯಿಸುತ್ತದೆ ಎಂದು ಪಾಲಿಸಿಯಲ್ಲೇ ಬರೆದಿರಬೇಕು. ಏಜೆಂಟರ ಬಾಯಿಮಾತು ಸಾಲದು. ಹೆಲಿಕಾಪ್ಟರ್ ಕರೆಸುವ ಮೊದಲು ವಿಮಾ ಕಂಪನಿಯ ತುರ್ತು ಸಂಖ್ಯೆಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕಾಗುತ್ತದೆ. ಆ ಸಂಖ್ಯೆ ನಿಮ್ಮ ಹತ್ತಿರವೂ ಗೈಡ್ ಹತ್ತಿರವೂ ಇರಲಿ. ಅಗತ್ಯವಿಲ್ಲದಿದ್ದರೂ ಚಾರಣಿಗರನ್ನು ಹೆಲಿಕಾಪ್ಟರ್ ಹತ್ತಿಸಿ ವಿಮೆಯ ಹಣ ದೋಚುವ ಜಾಲದ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ನಡೆಸಿತ್ತು. ಸಣ್ಣ ತಲೆನೋವಿಗೇ 'ಹೆಲಿಕಾಪ್ಟರ್ ಕರೆಸೋಣ' ಎನ್ನುವವರ ಮಾತಿಗೆ ತಕ್ಷಣ ತಲೆಯಾಡಿಸಬೇಡಿ. ಕೆಳಗಿನ ಊರಿಗೆ ನಡೆದು ಇಳಿಯಲು ಸಾಧ್ಯವಿದ್ದರೆ ಅದೇ ಮೊದಲ ಮದ್ದು.

ಊರಲ್ಲೇ ಮಾಡಬೇಕಾದ ತಯಾರಿ

ಎತ್ತರಕ್ಕೆ ಒಗ್ಗುವುದನ್ನು ಬೆಂಗಳೂರಿನಲ್ಲಿ ಕೂತು ಕಲಿಯಲಾಗದು. ದಿನಕ್ಕೆ ಐದಾರು ಗಂಟೆ, ಸತತ ಹನ್ನೆರಡು ದಿನ ನಡೆಯುವುದನ್ನು ಮಾತ್ರ ಕಲಿಯಬಹುದು, ಕಲಿಯಲೇಬೇಕು. ನಾಲ್ಕು ತಿಂಗಳ ಮುಂಚೆ ಶುರು ಮಾಡಿ. ವಾರದಲ್ಲಿ ನಾಲ್ಕು ದಿನ ಚುರುಕಿನ ನಡಿಗೆ ಅಥವಾ ನಿಧಾನದ ಓಟ, ಎರಡು ದಿನ ಮೆಟ್ಟಿಲು. ಮಾತಾಡುತ್ತ ಹತ್ತಲು ಆಗಬೇಕು. ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಬಹುಮಹಡಿ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಲಿಫ್ಟ್ ಬಿಟ್ಟರೆ ಸಾಕು, ಬೇರೆ ಜಿಮ್ ಬೇಡ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿವೆ. ಒಮ್ಮೆ ಹತ್ತಿ ಬಸ್ಸಿನಲ್ಲಿ ವಾಪಸ್ ಬಂದರೆ ಪ್ರಯೋಜನ ಅರ್ಧ. ಇಳಿಯುವುದೂ ಅಭ್ಯಾಸವಾಗಬೇಕು, ಯಾಕೆಂದರೆ ಮಂಡಿ ಹಿಡಿದುಕೊಳ್ಳುವುದು ಬೇಸ್ ಕ್ಯಾಂಪಿನಿಂದ ಮೂರೇ ದಿನಕ್ಕೆ ಲುಕ್ಲಾಕ್ಕೆ ಇಳಿಯುವಾಗ.

ತಿಂಗಳಿಗೆರಡು ಸಲ ಬೆಟ್ಟ ಹತ್ತಿ. ನಂದಿಬೆಟ್ಟದ ಮೆಟ್ಟಿಲು, ಸಾವನದುರ್ಗ, ಕೊನೆಕೊನೆಗೆ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ. 1,712 ಮೀಟರ್‌ನ ಕುಮಾರಪರ್ವತವನ್ನು ಏಳೆಂಟು ಕಿಲೋ ಚೀಲ ಹೊತ್ತು ಹತ್ತಿ ಇಳಿದು, ಮಾರನೇ ದಿನವೂ ನಡೆಯುವಷ್ಟು ಕಾಲು ಉಳಿದಿದ್ದರೆ ನಿಮ್ಮ ತಯಾರಿ ಸರಿಯಿದೆ. ಅಲ್ಲಿಗೆ ಅರಣ್ಯ ಇಲಾಖೆಯ ಮುಂಗಡ ಬುಕಿಂಗ್ ಬೇಕು, ಕಾಳ್ಗಿಚ್ಚಿನ ತಿಂಗಳುಗಳಲ್ಲಿ ದಾರಿ ಮುಚ್ಚಿರುತ್ತದೆ. ಏಪ್ರಿಲ್‌ನಲ್ಲಿ ನೇಪಾಳಕ್ಕೆ ಹೊರಟವರು ಈ ಬೆಟ್ಟವನ್ನು ಮಳೆಗಾಲ ಮುಗಿದ ಕೂಡಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಕೊನೆಯ ಎರಡು ತಿಂಗಳ ಅಭ್ಯಾಸವನ್ನೆಲ್ಲ ಚಾರಣಕ್ಕೆ ಹಾಕಿಕೊಳ್ಳುವ ಬೂಟಿನಲ್ಲೇ ಮಾಡಿ. ಬೂಟನ್ನು ಎರಡು ತಿಂಗಳ ಮುಂಚೆ, ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ ಕೊಳ್ಳಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಅಂಗಡಿಯ ಇಳಿಜಾರು ಹಲಗೆಯ ಮೇಲೆ ಕೆಳಮುಖವಾಗಿ ನಿಂತಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು. ತಾಗಿದರೆ ಮೂರು ದಿನದ ಇಳಿತದಲ್ಲಿ ಉಗುರು ಕಪ್ಪಾಗುವುದು ಖಂಡಿತ. ಹೊರಡುವ ಹಿಂದಿನ ದಿನ ಕಾಲುಗುರು ಗಿಡ್ಡ ಕತ್ತರಿಸಿ. ಹೊಚ್ಚ ಹೊಸ ಬೂಟನ್ನು ಲುಕ್ಲಾದಲ್ಲಿ ಬಿಚ್ಚುವವರ ಹಿಮ್ಮಡಿ ನಾಮ್ಚೆಯಲ್ಲಿ ಬಿರಿಯುತ್ತದೆ.

ಹದಿನೈದು ಕಿಲೋ

ಲುಕ್ಲಾ ವಿಮಾನದಲ್ಲಿ ಒಬ್ಬರಿಗೆ ಸಾಮಾನ್ಯವಾಗಿ 15 ಕಿಲೋ ಮಾತ್ರ: ಪೋರ್ಟರ್ ಹೊರುವ ಡಫಲ್ ಬ್ಯಾಗಿಗೆ 10, ನಿಮ್ಮ ಬೆನ್ನಚೀಲಕ್ಕೆ 5. ಈ ಮಿತಿ ಒಳ್ಳೆಯದೇ. ಎಲ್ಲವನ್ನೂ ಮಂಚದ ಮೇಲೆ ಹರಡಿ, ತಕ್ಕಡಿಗೆ ಹಾಕಿ ನೋಡಿದಾಗಲೇ ಏನು ಬೇಡ ಎನ್ನುವುದು ಗೊತ್ತಾಗುವುದು. ಬೂಟು ಮತ್ತು ಅತಿ ದಪ್ಪ ಜಾಕೆಟನ್ನು ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಿ. ಕಠ್ಮಂಡುವಿನ ಹೋಟೆಲಿನಲ್ಲಿ ಊರಿನ ಬಟ್ಟೆಯ ಚೀಲ ಇಟ್ಟುಹೋಗಲು ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ.

ಬಟ್ಟೆಯ ಸೂತ್ರ ಈರುಳ್ಳಿಯದು: ಒಂದರ ಮೇಲೊಂದು ಪದರ. ಮೈಗೆ ಅಂಟಿ ಇರುವ ಮೊದಲ ಪದರ ಬೆವರು ಹೀರಿ ಹೊರಹಾಕಬೇಕು; ಅದು ಉಣ್ಣೆಯದೋ ಸಿಂಥೆಟಿಕ್ಕೋ ಆಗಿರಲಿ. ನಮ್ಮ ಸೆಕೆಗೆ ಹೇಳಿ ಮಾಡಿಸಿದ ಹತ್ತಿ ಇಲ್ಲಿ ಶತ್ರು. ಬೆವರಿಗೆ ಒದ್ದೆಯಾದ ಹತ್ತಿ ಬನಿಯನ್ ಒಣಗುವುದೇ ಇಲ್ಲ. ನಿಂತ ಕೂಡಲೇ ಮೈ ನಡುಗಿಸುತ್ತದೆ. ಜೀನ್ಸ್ ಕಠ್ಮಂಡುವಿನಲ್ಲೇ ಇರಲಿ. ಎರಡನೇ ಪದರ ಫ್ಲೀಸ್. ಮೂರನೆಯದು ಹಕ್ಕಿಯ ಮೆದು ಪುಕ್ಕ ತುಂಬಿದ ಡೌನ್ ಜಾಕೆಟ್. ಇದು ನಡೆಯುವಾಗ ಹಾಕಲಿಕ್ಕಲ್ಲ, ನಿಂತಾಗ, ಕೂತಾಗ, ಕಾಲಾ ಪತ್ಥರಿನ ಬೆಳಗಿನ ಚಳಿಗೆ. ಎಲ್ಲದರ ಮೇಲೆ ಗಾಳಿ, ಮಳೆ ತಡೆಯುವ ತೆಳು ಜಾಕೆಟ್ ಒಂದು. ಡೌನ್ ಒದ್ದೆಯಾದರೆ ಬೆಚ್ಚಗಿಡುವುದಿಲ್ಲ, ಹಾಗಾಗಿ ಈ ಕೊನೆಯ ಪದರದಲ್ಲಿ ರಾಜಿ ಬೇಡ.

ಇವುಗಳ ಸಂಖ್ಯೆ ನೋಡಿ ನಿಮಗೆ ಕಡಿಮೆ ಎನಿಸಬಹುದು: ನಡೆಯುವ ಟೀಶರ್ಟ್ ಮೂರು, ನಡೆಯುವ ಪ್ಯಾಂಟ್ ಎರಡು, ಥರ್ಮಲ್ ಎರಡು ಜೊತೆ. ಒಂದು ಜೊತೆ ಥರ್ಮಲ್ ಮಲಗಲಿಕ್ಕೇ ಮೀಸಲು. ನಡೆಯುವಾಗ ಅದನ್ನು ಮುಟ್ಟಬೇಡಿ. ದಿನಾ ಹೊಸ ಬಟ್ಟೆ ತೊಡುವ ಆಸೆ ನಾಮ್ಚೆಯಲ್ಲೇ ಮುಗಿಯುತ್ತದೆ. ಅಲ್ಲಿಂದ ಮೇಲೆ ಎಲ್ಲರೂ ಒಂದೇ ವಾಸನೆ, ಯಾರೂ ಮೂಗು ಮುಚ್ಚುವುದಿಲ್ಲ. ಧಾರಾಳತನ ತೋರಿಸುವುದಿದ್ದರೆ ಕಾಲುಚೀಲದಲ್ಲಿ ತೋರಿಸಿ, ಐದು ಜೊತೆ ಇರಲಿ. ಕೈಗೆ ತೆಳು ಗ್ಲೌಸ್, ಅದರ ಮೇಲೆ ದಪ್ಪ ಗ್ಲೌಸ್. ಕಿವಿ ಮುಚ್ಚುವ ಟೊಪ್ಪಿ ಒಂದು, ಬಿಸಿಲಿನ ಟೊಪ್ಪಿ ಒಂದು.

ಕುತ್ತಿಗೆ, ಮೂಗು, ಬಾಯಿಗೆ ಎಳೆದುಕೊಳ್ಳುವ ಬಫ್ ಅಥವಾ ತೆಳು ಟವೆಲ್ ಚಿಕ್ಕ ವಸ್ತು, ಉಪಕಾರ ದೊಡ್ಡದು. ಇಲ್ಲಿನ ಗಾಳಿ ಒಣ, ತಣ್ಣನೆ, ಧೂಳು. ಅದನ್ನು ನೇರ ಬಾಯಿಂದ ಎಳೆದುಕೊಂಡವರಿಗೆ ಬರುವ ಒಣ ಕೆಮ್ಮಿಗೆ 'ಖುಂಬು ಕೆಮ್ಮು' ಎಂದೇ ಹೆಸರಿದೆ. ಬಟ್ಟೆಯ ಮೂಲಕ ಉಸಿರಾಡಿದರೆ ಗಾಳಿ ಸ್ವಲ್ಪ ಬೆಚ್ಚಗೂ ತೇವವಾಗಿಯೂ ಒಳಗೆ ಹೋಗುತ್ತದೆ.

ಸ್ಲೀಪಿಂಗ್ ಬ್ಯಾಗ್ ಮತ್ತು ಡೌನ್ ಜಾಕೆಟ್ ಕೊಳ್ಳಬೇಕೆಂದೇನೂ ಇಲ್ಲ. ಮತ್ತೆ ಮತ್ತೆ ಹಿಮಾಲಯಕ್ಕೆ ಹೋಗುವವರಲ್ಲದಿದ್ದರೆ ಕಠ್ಮಂಡುವಿನ ಥಾಮೆಲ್ ಬೀದಿಗಳಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ. ಬ್ಯಾಗ್ ಮೈನಸ್ 15 ಡಿಗ್ರಿಗಾದರೂ ತಡೆಯುವಂಥದಿರಲಿ. ಗೋರಕ್ ಶೆಪ್‌ನ ಕೋಣೆಗೆ ಒಲೆಯಿಲ್ಲ, ಗೋಡೆ ತೆಳು ಹಲಗೆ. ಒಳಗೆ ಹಾಕಿಕೊಳ್ಳಲು ನಿಮ್ಮದೇ ಲೈನರ್ ಬಟ್ಟೆ ಒಯ್ದರೆ ಬಾಡಿಗೆ ಚೀಲದ ಸ್ವಚ್ಛತೆಯ ಚಿಂತೆಯೂ ಇಲ್ಲ. ಥಾಮೆಲ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ದೊಡ್ಡ ಬ್ರ್ಯಾಂಡುಗಳ ಜಾಕೆಟ್‌ಗಳಲ್ಲಿ ಬಹುತೇಕ ನಕಲು. ನಕಲಿ ಫ್ಲೀಸ್, ಟೊಪ್ಪಿ ಬೇಕಾದರೆ ಕೊಳ್ಳಿ, ನಡೆಯುತ್ತದೆ. ನಕಲಿ ಬೂಟು ಮಾತ್ರ ಬೇಡವೇ ಬೇಡ.

ಬಿಸಿಲನ್ನು ಕಡೆಗಣಿಸುವುದು ನಮ್ಮವರ ಅಭ್ಯಾಸ. 'ನಾವು ಬಿಸಿಲಿನ ನಾಡಿನವರು, ನಮಗೇನು' ಎಂದು ಸನ್‌ಸ್ಕ್ರೀನ್ ಬಿಟ್ಟುಹೋದವರ ಮೂಗು, ಕಿವಿ ಸಿಪ್ಪೆ ಸುಲಿದು ಬರುತ್ತದೆ. ಮೇಲೇರಿದಂತೆ ನೇರಳಾತೀತ ಕಿರಣಗಳು ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತವೆ, ಹಿಮ ಬಿದ್ದಿದ್ದರೆ ಕೆಳಗಿನಿಂದಲೂ ಪ್ರತಿಫಲಿಸುತ್ತವೆ. ಎಸ್‌ಪಿಎಫ್ 50ರ ಸನ್‌ಸ್ಕ್ರೀನ್, ತುಟಿಯ ಮುಲಾಮು, ಬದಿಯಿಂದಲೂ ಬೆಳಕು ನುಗ್ಗದ ಒಳ್ಳೆಯ ಕಪ್ಪು ಕನ್ನಡಕ ಇರಲಿ. ಕೊಬ್ಬರಿ ಎಣ್ಣೆ ಒಯ್ಯುವವರಿಗೆ ಒಂದು ಮಾತು: ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಬಾಟಲಿಯ ಬದಲು ಅಗಲ ಬಾಯಿಯ ಡಬ್ಬಿಗೆ ಹಾಕಿ.

ತಲೆದೀಪವಿಲ್ಲದೆ ಕಾಲಾ ಪತ್ಥರ್ ಇಲ್ಲ, ರಾತ್ರಿಯ ಶೌಚಾಲಯವೂ ಇಲ್ಲ. ಚಳಿಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಮೊಬೈಲ್, ಪವರ್‌ಬ್ಯಾಂಕ್ ಎರಡನ್ನೂ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟು ಮಲಗಿ. ಬೆಂಗಳೂರಿನಿಂದ ಹೊರಡುವಾಗ ಪವರ್‌ಬ್ಯಾಂಕ್ ಕೈಚೀಲದಲ್ಲಿ, ನಡಿಗೆಯ ಕೋಲು ಚೆಕ್-ಇನ್ ಚೀಲದಲ್ಲಿ. ಅದಲುಬದಲಾದರೆ ಭದ್ರತಾ ತಪಾಸಣೆಯಲ್ಲಿ ಒಂದನ್ನು ಕಳೆದುಕೊಳ್ಳುತ್ತೀರಿ. ಕೋಲು ಎರಡೂ ಇರಲಿ. ಮಂಡಿಯ ಭಾರವನ್ನು ತೋಳಿಗೆ ಹಂಚುವುದು ಅದರ ಕೆಲಸ.

ಹೆಣ್ಣುಮಕ್ಕಳಿಗೆ: ಎತ್ತರ, ಆಯಾಸ, ಚಳಿಗೆ ಮುಟ್ಟಿನ ದಿನ ಹಿಂದುಮುಂದಾಗಬಹುದು, ಹಾಗಾಗಿ ತಾರೀಖಿನ ಲೆಕ್ಕ ನಂಬದೆ ಪ್ಯಾಡ್ ಅಥವಾ ಕಪ್ ಒಯ್ಯಿರಿ. ನಾಮ್ಚೆ ದಾಟಿದ ಮೇಲೆ ಸಿಗುವ ಭರವಸೆಯಿಲ್ಲ. ಬಳಸಿದ ಪ್ಯಾಡನ್ನು ಕಮೋಡಿಗಾಗಲೀ ಬಂಡೆಯ ಸಂದಿಗಾಗಲೀ ಎಸೆಯದೆ ಜಿಪ್ ಚೀಲದಲ್ಲಿ ಕೆಳಗೆ ತನ್ನಿ. ಟಿಶ್ಯೂ ಕಾಗದ, ಸ್ಯಾನಿಟೈಸರ್, ಒದ್ದೆ ವೈಪ್ಸ್ ಎಲ್ಲರಿಗೂ ಬೇಕು. ಮೇಲಿನ ಊರುಗಳಲ್ಲಿ ಬೆಳಗ್ಗೆ ಶೌಚಾಲಯದ ನೀರು ಡ್ರಮ್ಮಿನಲ್ಲೇ ಹೆಪ್ಪುಗಟ್ಟಿರುತ್ತದೆ.

ಎತ್ತರದ ಕಾಯಿಲೆ

ಹೊರಡುವ ಮೊದಲು ವೈದ್ಯರನ್ನು ಕಾಣಿ. ರಕ್ತದೊತ್ತಡ, ಸಕ್ಕರೆ, ಹೃದಯ, ಉಬ್ಬಸದ ತೊಂದರೆ ಇದ್ದವರಿಗೆ ಇದು ಕಡ್ಡಾಯವೆಂದೇ ತಿಳಿಯಿರಿ. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಅವರನ್ನೇ ಕೇಳಿ. ಮುನ್ನೆಚ್ಚರಿಕೆಗೆಂದು ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆರಡು ಸಲ 125 ಮಿಲಿಗ್ರಾಂ ಬರೆಯುತ್ತಾರೆ. ಸಲ್ಫಾ ಔಷಧಿ ಆಗಿಬರದವರು ಅದನ್ನು ಮೊದಲೇ ಹೇಳಬೇಕು. ಈ ಮಾತ್ರೆಗೆ ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಪದೇ ಪದೇ ಬರುತ್ತದೆ, ಗಾಬರಿಯಾಗಬೇಡಿ. ಇದು ಮೈ ಒಗ್ಗಲು ನೆರವಾಗುತ್ತದೆಯೇ ಹೊರತು ಕಾಯಿಲೆಯನ್ನು ಮುಚ್ಚಿಡುವುದಿಲ್ಲ. ಮಾತ್ರೆ ನುಂಗಿದ್ದೇವೆಂದು ವಿಶ್ರಾಂತಿ ದಿನ ಬಿಡುವಂತೆಯೂ ಇಲ್ಲ.

ತಲೆನೋವು, ಅದರ ಜೊತೆ ವಾಕರಿಕೆ, ಸುಸ್ತು, ತಲೆಸುತ್ತಿನಲ್ಲಿ ಯಾವುದಾದರೂ ಒಂದು ಸೇರಿದರೆ ಅದನ್ನು ಎತ್ತರದ ಕಾಯಿಲೆಯೆಂದೇ ಭಾವಿಸಬೇಕು. ನಿದ್ದೆಗೆಟ್ಟಿದ್ದಕ್ಕೆ, ಬಿಸಿಲಿಗೆ, ಊಟ ಸೇರದ್ದಕ್ಕೆ ಎಂದು ಕಾರಣ ಹುಡುಕುವುದು ಎಲ್ಲರ ಚಾಳಿ. ಅಂದು ಮೇಲೆ ಹೋಗಬಾರದು. ಅಲ್ಲೇ ಉಳಿದು, ನೀರು ಕುಡಿದು, ಕಡಿಮೆಯಾದ ಮೇಲೆ ಹೊರಡಬೇಕು. ಕಡಿಮೆಯಾಗದೆ ಹೆಚ್ಚಾದರೆ ಇಳಿಯಬೇಕು. ಅಪಾಯ ಎರಡು ರೂಪದಲ್ಲಿ ಬರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿದರೆ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ. ಮಿದುಳು ಊದಿದರೆ ಮಾತು ತೊದಲುತ್ತದೆ, ನಡೆ ತಪ್ಪುತ್ತದೆ. ನೆಲದ ಮೇಲೆ ಒಂದು ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸುತ್ತ ನಡೆಯಲು ಹೇಳಿ, ವಾಲಿದರೆ ಸಂಶಯವೇ ಬೇಡ. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ರಾತ್ರಿಯೇ ಆಗಲಿ, ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿಳಿಯಬೇಕು.

ಆಕ್ಸಿಮೀಟರಿನ ಅಂಕಿ ನೋಡಿ ಪೈಪೋಟಿಗಿಳಿಯುವುದು ಸಂಜೆಯ ಹೊತ್ತಿನ ಒಂದು ಕೆಟ್ಟ ಆಟ. 5,000 ಮೀಟರ್ ಮೇಲೆ 80ರ ಆಸುಪಾಸು ತೋರಿಸುವುದು ಸಾಮಾನ್ಯ. ಊರಲ್ಲಾಗಿದ್ದರೆ ಐಸಿಯುಗೆ ಸೇರಿಸುತ್ತಿದ್ದ ಅಂಕಿ ಅದು. ಅಂಕಿಗಿಂತ ಲಕ್ಷಣ ಮುಖ್ಯ. ದಿಂಗ್ಬೊಚೆಯ ಪಕ್ಕದ ಕಣಿವೆಯಲ್ಲಿರುವ ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ 1973ರಿಂದ ಹಂಗಾಮಿನ ದಿನಗಳಲ್ಲಿ ಚಿಕಿತ್ಸಾಲಯ ನಡೆಸುತ್ತಿದೆ. ವೈದ್ಯರು ಮಧ್ಯಾಹ್ನ ಚಾರಣಿಗರಿಗೆ ಎತ್ತರದ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ದಿಂಗ್ಬೊಚೆಯ ವಿಶ್ರಾಂತಿ ದಿನ ಅದನ್ನು ಕೇಳಿ ಬನ್ನಿ. ಮದ್ಯ, ಸಿಗರೇಟು, ನಿದ್ದೆಮಾತ್ರೆ ಮೂರೂ ವಾಪಸ್ ಲುಕ್ಲಾ ತಲುಪುವವರೆಗೆ ಬೇಡ.

ಊಟ, ನೀರು, ದುಡ್ಡು

ಸಸ್ಯಾಹಾರಿಗಳಿಗೆ ಈ ದಾರಿ ಅನುಕೂಲ. ಖುಂಬುವಿನಲ್ಲಿ ಪ್ರಾಣಿ ಕೊಲ್ಲುವುದಿಲ್ಲ; ಮಾಂಸವೆಲ್ಲ ಕೆಳಗಿನಿಂದ ದಿನಗಟ್ಟಲೆ ಬೆನ್ನ ಮೇಲೆ ಬರುತ್ತದೆ. ಮಾಂಸ ತಿನ್ನುವವರೂ ನಾಮ್ಚೆಯ ನಂತರ ಬಿಟ್ಟರೆ ಹೊಟ್ಟೆ ಸುರಕ್ಷಿತ. ಅನ್ನ, ಬೇಳೆ, ಪಲ್ಯದ ದಾಲ್‌ಭಾತ್ ಎಲ್ಲೆಡೆ ಸಿಗುತ್ತದೆ, ಕೇಳಿದಷ್ಟು ಸಲ ಬಡಿಸುತ್ತಾರೆ. ಎಷ್ಟೇ ಒಳ್ಳೆಯದಾದರೂ ಏಳನೇ ದಿನಕ್ಕೆ ನಾಲಿಗೆ ಮುಷ್ಕರ ಹೂಡುತ್ತದೆ. ಎತ್ತರದಲ್ಲಿ ಹಸಿವು ಮೊದಲೇ ಕಡಿಮೆ. ಇಲ್ಲಿ ಕಾಪಾಡುವುದು ಮನೆಯ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ. ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ನಾಲ್ಕೈದು ಇದ್ದರೆ ಇನ್ನೂ ಒಳ್ಳೆಯದು. ಶೇಂಗಾ ಚಿಕ್ಕಿ, ಖರ್ಜೂರ ಜೇಬಿನಲ್ಲಿರಲಿ. ಆದರೆ ಟೀಹೌಸ್‌ನವರ ಮೇಜಿನಲ್ಲಿ ಕೂತು ಮೂರೂ ಹೊತ್ತು ಸ್ವಂತ ಬುತ್ತಿ ಬಿಚ್ಚಬೇಡಿ. ಕೋಣೆಯ ಬಾಡಿಗೆ ಇಷ್ಟು ಕಡಿಮೆ ಇರುವುದೇ ಊಟ ಅಲ್ಲೇ ಮಾಡುತ್ತೀರೆಂಬ ನಂಬಿಕೆಯಿಂದ.

ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು, ಸೂಪ್ ಮತ್ತು ಚಹಾ ಸೇರಿ. ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ಬದಲು ಕ್ಲೋರಿನ್ ಮಾತ್ರೆ ಅಥವಾ ಫಿಲ್ಟರ್ ಒಯ್ಯಿರಿ. ಸಂಜೆ ಬಿಸಿನೀರು ತುಂಬಿಸಿದ ಗಟ್ಟಿ ಬಾಟಲಿಗೆ ಕಾಲುಚೀಲ ತೊಡಿಸಿ ಹಾಸಿಗೆಯಲ್ಲಿಟ್ಟರೆ ಪಾದಕ್ಕೆ ಬೆಚ್ಚಗೆ, ಬೆಳಗ್ಗೆ ಕುಡಿಯಲು ನೀರು.

ಬಿಸಿನೀರು, ಸ್ನಾನ, ಮೊಬೈಲ್ ಚಾರ್ಜಿಂಗ್, ವೈಫೈ ಎಲ್ಲಕ್ಕೂ ದುಡ್ಡು, ಮೇಲೆ ಹೋದಂತೆ ದರವೂ ಮೇಲೆ. ಒಂದು ಸಿಲಿಂಡರ್ ಗ್ಯಾಸ್ ಯಾಕಿನ ಬೆನ್ನ ಮೇಲೋ ಮನುಷ್ಯನ ಬೆನ್ನ ಮೇಲೋ ಎಷ್ಟು ದಿನ ಪ್ರಯಾಣ ಮಾಡಿದೆ ಎಂದು ನೋಡಿದವರು ಚೌಕಾಸಿ ಮಾಡುವುದಿಲ್ಲ. ನಮ್ಮ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ. ನಗದನ್ನು ಕಠ್ಮಂಡುವಿನಲ್ಲೇ ನೇಪಾಳಿ ನೋಟಾಗಿ ಮಾಡಿಸಿಕೊಳ್ಳಿ. ನಾಮ್ಚೆಯಲ್ಲಿ ಎಟಿಎಂ ಇದ್ದರೂ ಅದರಲ್ಲಿ ದುಡ್ಡು ಇದ್ದೇ ಇರುತ್ತದೆ ಎನ್ನುವ ಹಾಗಿಲ್ಲ, ಅಲ್ಲಿಂದ ಮೇಲೆ ನಗದೇ ಗತಿ.

ದಾರಿಯ ಒಂದೆರಡು ನಡವಳಿಕೆ. ಯಾಕ್, ಯಾಕ್-ಹಸುವಿನ ಮಿಶ್ರತಳಿಯಾದ ಜೊಪ್ಕ್ಯೊ, ಹೇಸರಗತ್ತೆಗಳ ಸಾಲು ಎದುರಾದರೆ ಬೆಟ್ಟದ ಬದಿಗೆ ಸರಿದು ನಿಲ್ಲಿ, ಕಣಿವೆಯ ಬದಿಗೆ ಎಂದೂ ಬೇಡ. ಹೊರೆ ತಾಗಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ತೂಗುಸೇತುವೆಯ ಮೇಲೆ ಅವು ಇದ್ದರೆ ದಾಟಿ ಬರುವವರೆಗೆ ಕಾಯಿರಿ. ಮಂತ್ರ ಕೆತ್ತಿದ ಮಣಿ ಗೋಡೆಗಳನ್ನು ನಿಮ್ಮ ಬಲಕ್ಕೆ ಬಿಟ್ಟು ನಡೆಯಿರಿ, ನಮ್ಮ ಪ್ರದಕ್ಷಿಣೆಯಂತೆಯೇ.

ಬಜೆಟ್ ಬರೆಯುವಾಗ ಗೈಡ್ ಮತ್ತು ಪೋರ್ಟರ್‌ಗೆ ಕೊಡುವ ಟಿಪ್ಸನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಪ್ಯಾಕೇಜಿನ ದರದಲ್ಲಿ ಅದು ಸೇರಿರುವುದಿಲ್ಲ, ಅವರ ವರ್ಷದ ಆದಾಯ ಈ ಎರಡು ಹಂಗಾಮುಗಳ ಮೇಲೆ ನಿಂತಿದೆ. ಎಷ್ಟು ವಾಡಿಕೆ ಎಂದು ಕಂಪನಿಯನ್ನೇ ಕೇಳಿ, ಗುಂಪಿನವರೆಲ್ಲ ಸೇರಿಸಿ, ಲುಕ್ಲಾದ ಕೊನೆಯ ಸಂಜೆ ಒಬ್ಬೊಬ್ಬರ ಕೈಗೂ ಬೇರೆಬೇರೆಯಾಗಿ ಕೊಡಿ. ಪೋರ್ಟರ್‌ನ ಪಾಲನ್ನು ಗೈಡ್ ಕೈಗೆ ಕೊಟ್ಟು ಮುಗಿಸಬೇಡಿ.